ಜಪಾನಿನ ಹುಡುಗಿಯ ತಲೆಗೆ ಎಣ್ಣೆ

ಮಕ್ಕಳೇ, ಮಲೇಶಿಯಾದ ನಿಲಾಯ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಉಡುಪಿಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಯಾರು ಏನಕ್ಕೆ ಹೆದರಿ ಬಂದರೂ ಕನ್ನಡಕವನ್ನು ತಲೆಗೇರಿಸಿ, “ಹೆದರಿಕೆಗೂ ಒಂದು ಅಳತೆ ಉಂಟು ಮಾರಾಯ್ರೆ” ಅನ್ನುತ್ತಿದ್ದರು.

ಜಪಾನಿನಲ್ಲಿ ಭೂಕಂಪ, ಸುನಾಮಿ ಆಗಿ ಅಣುಸ್ಥಾವರ ಕೆಟ್ಟ ವರ್ಷ, ಅಲ್ಲಿ ಮನೆ ಬಿಟ್ಟುಬಂದ ತಾಯಿ ಮಗಳು ನಮ್ಮ ಕಟ್ಟಡಕ್ಕೆ ಬಂದರು. ವಿಕಿರಣ ಅಂಟಿಲ್ಲವೆಂದು ಅಲ್ಲೇ ಪರೀಕ್ಷೆ ಮಾಡಿ ಕಳಿಸಿದ್ದರು. ಆದರೂ ಆ ಹುಡುಗಿ ಆಡಲು ಇಳಿದರೆ ಸಾಕು, ತಾಯಂದಿರು ತಮ್ಮ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಬರಬರುತ್ತಾ ಹುಡುಗಿ ಊಟವನ್ನೇ ಬಿಟ್ಟಳು.

ಒಂದು ಸಂಜೆ ಡಾಕ್ಟರಮ್ಮ ಕೊಬ್ಬರಿ ಎಣ್ಣೆ, ಬಾಚಣಿಗೆ ಹಿಡಿದು ಕೆಳಗಿಳಿದರು. ಎಲ್ಲರೂ ನೋಡುವ ಹಾಗೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟತೊಡಗಿದರು.

“ಮುಟ್ಟಿದರೆ ಅಂಟುವುದಿಲ್ಲವಾ ಡಾಕ್ಟರೇ?” ಮೇಲಿನ ಮನೆಯಾಕೆ ದೂರದಿಂದಲೇ ಕೇಳಿದಳು.

“ಅಂಟಿದರೆ ಹೇನು ಅಂಟೀತು ಲಾ! ಅದೂ ನಿಮ್ಮ ಮಗಳಿಂದ ಇವಳಿಗೆ.” ಡಾಕ್ಟರಮ್ಮ ಅಲ್ಲಿಯ ಮಲಯ ಜನರ ಹಾಗೆ ‘ಲಾ’ ಎಳೆದರು.

ಎಲ್ಲರೂ ನಕ್ಕರು. ಆಕೆಯ ಮಗಳಿಗೆ ಮಾತ್ರ ಸಿಟ್ಟು ಬಂತು. ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದು, “ನನ್ನ ತಲೇಲಿ ಹೇನಿಲ್ಲ ಆಂಟಿ, ಬೇಕಾದ್ರೆ ನೋಡಿ!” ಎಂದು ಮೆಟ್ಟಿಲ ಮೇಲೆ ತಲೆಬಗ್ಗಿಸಿ ಕೂತಳು.

ಡಾಕ್ಟರಮ್ಮ ತಾವು ನೋಡಲಿಲ್ಲ. ಬಾಚಣಿಗೆಯನ್ನು ಜಪಾನಿನ ಹುಡುಗಿಯ ಕೈಗೆ ಕೊಟ್ಟರು.