ಗೊರವಂಕದ ಗೋಡೆ

ಉಪ್ಪಲ್‌ನ ನಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುತ್ತಿದ್ದಾಗ, ನನಗೂ ನಮ್ಮವರಿಗೂ ಎಂದು ಕಟ್ಟಿಸಿದ ಕೋಣೆಯಲ್ಲಿ ನಮಗಿಂತ ಮೊದಲು ಸಂಸಾರ ಹೂಡಿದ್ದು ಒಂದು ಜೋಡಿ ಗೊರವಂಕ. ಸಾರುವೆಯ ಬೊಂಬು ತೂರಿಸಲು ಗೋಡೆಯಲ್ಲಿ ಬಿಟ್ಟಿದ್ದ ತೂತಿಗೆ ಹುಲ್ಲು, ದಾರ, ಸಿಮೆಂಟ್ ಚೀಲದ ಚೂರು ತುರುಕಿ ಗೂಡು ಕಟ್ಟಿದ್ದವು. ಮೇಸ್ತ್ರಿ ಅದನ್ನು ಕೀಳಲು ಕೈ ಹಾಕಿದಾಗ ಅತ್ತೆ ಓಡಿ ಬಂದು ತಡೆದರು. ಅವನಿಗೆ ತೆಲುಗಿನಲ್ಲಿ ಹೇಳಿದ್ದನ್ನೇ ನನಗಾಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು.

"ಗೂಡಿಗೆ ಕೈ ಹಚ್ಚಿದ್ರ ಮನ್ಯಾಗ ಮಕ್ಕಳಾಗೂದಿಲ್ಲ. ಮೊದಲ ನಮ್ಮನಿ ಕಥಿ ಹಿಂಗೈತಿ."

ಮದುವೆಯಾಗಿ ವರ್ಷಗಳಾದರೂ ನನ್ನ ಮಡಿಲು ತುಂಬಿರಲಿಲ್ಲ. ಅದು ಮೇಸ್ತ್ರಿಗೂ ಅಂದೇ ಗೊತ್ತಾಯಿತು.

ಆ ಒಂದು ಗೋಡೆ ಬಿಟ್ಟು ಉಳಿದವಕ್ಕೆಲ್ಲ ಪ್ಲಾಸ್ಟರ್ ಆಯಿತು. ಬೆಕ್ಕು, ಕಾಗೆ ಬಾರದಂತೆ ಗೂಡು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ತಾಯಿ ಹಕ್ಕಿಯೋ ನನ್ನ ತಲೆಗೇ ಎರಗುತ್ತಿತ್ತು. ಅತ್ತೆಗೆ ನಗು. "ಪಕ್ಷಿಗೂ ಗುರ್ತು ಸಿಗತೈತಿ ನೋಡ್ರಿ," ಎಂದು ಬಂದ ನೆಂಟರೆದುರು ಹೇಳುವರು. "ಹೋದ ಜನ್ಮದಾಗ ಎಷ್ಟು ಗೂಡು ಕಿತ್ತಾಳೋ ಏನೋ." ನೆಂಟರು ಚಹಾ ಹೀರುತ್ತ ತಲೆಯಾಡಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮರಿಗಳ ಸದ್ದು ಕೇಳಿದ ದಿನ ಖುಷಿಯಾಯಿತು. ಅವು ಹಾರಿಹೋದರೆ ಅತ್ತೆಯ ಬಾಯಿ ಮುಚ್ಚೀತು ಎಂಬ ಆಸೆ.

ಗೃಹಪ್ರವೇಶ ಹತ್ತಿರ ಬಂತು. ಅರ್ಧ ಬಿಟ್ಟ ಗೋಡೆಯೆದುರು ಹೋಮ ಮಾಡುವಂತಿಲ್ಲ ಎಂದು ಪುರೋಹಿತರು ಹೇಳಿಹೋದರು. ಮುಹೂರ್ತದ ಹಿಂದಿನ ದಿನ, ಮುತ್ತೈದೆಯರಿಗೆ ಕೊಡುವ ಕುಬಸದ ಖಣ ತರಲು ಅತ್ತೆ ನನ್ನನ್ನು ಸುಲ್ತಾನ್ ಬಜಾರಿಗೆ ಅಟ್ಟಿದರು. ಸಂಜೆ ಬಂದು ನೋಡಿದರೆ ಗೋಡೆ ನುಣ್ಣಗಾಗಿತ್ತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಮಿಡತೆ ಕಚ್ಚಿಕೊಂಡು ಹಸಿ ಸಿಮೆಂಟಿಗೆ ಬಂದು ಬಡಿದು ಹಿಂದೆ ಸರಿಯುತ್ತಿತ್ತು.

"ಮರಿ ಹಾರಿಹೋದ್ವು," ಅಂದರು ಅತ್ತೆ.

ಬೆಳಗ್ಗೆ ನಾನು ನೋಡಿದಾಗ ಅವಕ್ಕೆ ಪುಕ್ಕವೇ ಸರಿಯಾಗಿ ಮೂಡಿರಲಿಲ್ಲ. ಗೋಡೆಗೆ ಕಿವಿಯಿಟ್ಟೆ. ಒಳಗಿನಿಂದ ಸಣ್ಣಗೆ ಕೂಗು ಕೇಳಿತು. ಉಗುರಿನಿಂದ ಕೆರೆಯತೊಡಗಿದೆ. ನಮ್ಮವರು ನನ್ನ ರಟ್ಟೆ ಹಿಡಿದು ಹೊರಗೆಳೆದರು.

"ನಾಳೆ ಮುಹೂರ್ತ ಐತಿ. ಅವ್ವನ ಮುಂದ ನಾಟಕ ಮಾಡಬ್ಯಾಡ."

ಕೋಣೆಗೆ ಚಿಲಕ ಬಿತ್ತು. ಮರುದಿನ ಮಂತ್ರದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಹೋಳಿಗೆ ಭಾಳ ಚಲೋ ಆಗಿದ್ದವೆಂದು ಎಲ್ಲರೂ ಹೊಗಳಿದರು. ಆಮೇಲೆ ಅತ್ತೆ ಸರಿಯಾಗಿ ಅದೇ ಜಾಗದಲ್ಲಿ ಮೊಳೆ ಹೊಡೆಸಿ ಬಾಲಕೃಷ್ಣನ ಪಟ ತೂಗುಹಾಕಿದರು. ನನಗೆ ಮಕ್ಕಳಾಗಲಿ ಎಂದು.

ಮುಂದೆ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಾಳಿ ಬೆಳಕು ಚೆನ್ನಾಗಿದೆಯೆಂದು ಅತ್ತೆ ಆ ಕೋಣೆಯನ್ನೇ ಅವಳಿಗೆ ಕೊಟ್ಟು, ನಮ್ಮ ಹಾಸಿಗೆ ಕೆಳಗೆ ಹಾಕಿಸಿದರು. "ನಿನಗ್ಯಾಕ ಬೇಕು ಅಷ್ಟ ದೊಡ್ಡ ಖೋಲಿ?" ಅಂದರು. ನಾನು ನಾದಿನಿಯ ಬಟ್ಟೆ ಜೋಡಿಸಿಡುತ್ತಿದ್ದೆ. ಅವಳು ಮಂಚದ ಮೇಲೆ ಕೂತು ಪಟ ನೋಡಿದಳು.

"ಕೃಷ್ಣ ಎಷ್ಟ ಛಂದ ಅದಾನಲ್ಲ ವೈನಿ?"

"ಅದಾನ. ಅವನ ಹಿಂದ ಗ್ವಾಡ್ಯಾಗ ಗೊರವಂಕದ ಮರಿ ಅದಾವ. ಜೀವ ಇದ್ದಾಗನ ಗೂಡು ಮುಚ್ಚಿಸಿದ್ರು. ಯಾರು ಮುಚ್ಚಿಸಿದ್ರು ಅಂತ ನಿಮ್ಮವ್ವನ್ನ ಕೇಳು."

ನಾದಿನಿಯ ಕೈ ಹೊಟ್ಟೆಗೆ ಹೋಯಿತು. ಹಾಲಿನ ಲೋಟ ಹಿಡಿದು ಬಾಗಿಲಿಗೆ ಬಂದಿದ್ದ ಅತ್ತೆ ಅಲ್ಲೇ ನಿಂತರು. ಅವರ ಮುಖ ನೋಡಿ ನನಗೆ ಕನಿಕರ ಬರಲಿಲ್ಲ. ಬರಬೇಕೆಂದೂ ಅನಿಸಲಿಲ್ಲ.

"ಏಳವ್ವಾ, ಕೆಳಗ ಹೋಗೂಣು," ಎಂದು ಮಗಳನ್ನು ಎಬ್ಬಿಸಿಕೊಂಡು ಹೋದರು.

ಅಂದೇ ಸಂಜೆ ನಮ್ಮ ಹಾಸಿಗೆ ತಿರುಗಿ ಮೇಲೆ ಬಂತು. ಪಟ ಇನ್ನೂ ಅಲ್ಲೇ ಇದೆ. ಅತ್ತೆ ಈಗ ಆ ಕೋಣೆಗೆ ಕಾಲಿಡುವುದಿಲ್ಲ, ನನ್ನೆದುರು ಮಕ್ಕಳ ಮಾತು ಎತ್ತುವುದೂ ಇಲ್ಲ.