ಗೇಟಲ್ಲಿ ಗಾರ್ಡ್, ಒಳಗೆ ಎಮ್ಮೆ

ಗೆಳೆಯರೇ, ತಾಂಡ್ಯ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಫ್ಯಾಕ್ಟರಿಯಲ್ಲಿ ಇವತ್ತು ಮ್ಯಾನೇಜರ್ ಜೊತೆ ಜಗಳವಾಯಿತು. ಅಕೌಂಟ್ಸ್ ನೋಡಿಕೊಳ್ಳುವ ನನ್ನ ಕಂಪ್ಯೂಟರಿನ ಹಳೆಯ ವಿಂಡೋಸ್‌ಗೆ ಅಪ್‌ಡೇಟ್ ಬರುವುದು ನಿಂತು ವರ್ಷಗಳಾದವು; ಅದರಲ್ಲಿ ಬಿಟ್ಟ ಬಿರುಕುಗಳನ್ನು ಮುಚ್ಚುವವರೇ ಇಲ್ಲ. ಬದಲಾಯಿಸಿ ಎಂದರೆ, "ಆಂಟಿವೈರಸ್ ಹಾಕ್ಸಿಲ್ವೇನಮ್ಮ? ಗೇಟಲ್ಲಿ ಗಾರ್ಡ್ ಇದ್ದಂಗೆ ಅದು!" ಎಂದರು.

ಅಷ್ಟರಲ್ಲಿ ಕಿಟಕಿಯಾಚೆ ಒಂದು ಎಮ್ಮೆ, ಮ್ಯಾನೇಜರ್ ಮುದ್ದಿನಿಂದ ಬೆಳೆಸಿದ ಗುಲಾಬಿ ಗಿಡ ಮೇಯುತ್ತಿತ್ತು. ಹಿಂದಿನ ಕಾಂಪೌಂಡ್ ಬಿದ್ದ ಜಾಗದಿಂದ ಒಳಗೆ ಬಂದಿತ್ತು.

"ಗಾರ್ಡ್ ಗೇಟಲ್ಲೇ ಅವ್ರೆ ಸಾ. ಗೋಡೆನೇ ಬಿದ್ದೋಗಿದ್ರೆ ಅವ್ರಾದ್ರೂ ಏನ್ ಮಾಡಾರು?" ಎಂದೆ.

ಮ್ಯಾನೇಜರ್ ಕೂಡಲೇ ಫೋನ್ ಮಾಡಿದರು, ಗಾರೆ ಮೇಸ್ತ್ರಿಗೆ.

ಹೊಸ ವಿಂಡೋಸ್ ಬರುವವರೆಗೆ ಆ ಕಂಪ್ಯೂಟರಿನ ಇಂಟರ್ನೆಟ್ ಕೇಬಲ್ ನನ್ನ ಊಟದ ಬ್ಯಾಗಿನಲ್ಲೇ ಇರುತ್ತದೆ. ಕಂಪ್ಯೂಟರಿನೊಳಗೂ ಒಂದು ಎಮ್ಮೆ ನುಗ್ಗಲಿ ಎಂದು ಕಾಯುವವಳು ನಾನಲ್ಲ.