ಕೆಂಪು ಚಿಂದಿ, ಹಸಿರು ಚಿಂದಿ

ಬೆಳಕು ಇನ್ನೂ ಗೋಡೆ ಹತ್ತಿಲ್ಲ. ಹಿತ್ತಲಿನಲ್ಲಿ ಟೈಲರಕ್ಕ ಮಂಡಿಯೂರಿ ರಾಸ್ಪ್‌ಬೆರಿ ಎಲೆಗಳನ್ನು ಕೆಳಗಿನಿಂದ ಎತ್ತಿ ನೋಡುತ್ತಿದ್ದಾರೆ. ನಿಂತವರ ಕಣ್ಣಿಗೆ ಈ ಹಣ್ಣು ಬೀಳುವುದಿಲ್ಲ. ಬೆರಳು ತಾಗಿಸಿದರೆ ಬಿಳಿಯ ದಿಂಡನ್ನು ಗಿಡದಲ್ಲೇ ಬಿಟ್ಟು ಹಣ್ಣು ಮಾತ್ರ ಕೈಗೆ ಬರುತ್ತದೆ.

"ಕೀಳೋದಲ್ಲ, ಬಿಡಿಸೋದು," ಎಂದು ನೋಡಲು ಬಂದ ನನಗೆ ಹೇಳುತ್ತಾರೆ. "ಹಿಡ್ಕೊಂಡಿದ್ರೆ ನಾಳೆ ಬಾ ಅಂತಿದೆ ಅಂತ ಅರ್ಥ."

ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ. ಒಂದು ಇವರದು, ಇನ್ನೊಂದು ಜೊತೆಗೇ ಇರುವ ನಾದಿನಿಯದು. ಊರು ಬಿಡುತ್ತಿದ್ದ ಗಿರಾಕಿಯೊಬ್ಬರು ಕೊಟ್ಟ ರಾಸ್ಪ್‌ಬೆರಿಯ ಒಂದೇ ಬೇರು ಇಂದು ಗೋಡೆಯುದ್ದದ ಸಾಲಾಗಿದೆ. ಬಿಡಿಸಿದ ಹಣ್ಣು ಸಂಜೆಯೊಳಗೆ ನೀರಾಗುವುದರಿಂದ ಬೆಳಗ್ಗೆಯೇ ಬೀದಿ ತುದಿಯ ಬೇಕರಿ ಸೇರಬೇಕು. ಆಮೇಲೆ ದಿನವಿಡೀ ಹೊಲಿಗೆ. ಮುಳ್ಳು ಗೀರಿದ ಬೆರಳು ನಯವಾದ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಆ ಬಟ್ಟೆಗಳೆಲ್ಲ ನಾದಿನಿಯ ಪಾಲಿಗೆ.

ಈ ಗಿಡದಲ್ಲಿ ಒಮ್ಮೆ ಹಣ್ಣು ಕೊಟ್ಟ ಕೋಲು, ಅಂದರೆ ಕಾಂಡ, ಮತ್ತೆ ಕೊಡುವುದಿಲ್ಲ. ಅದನ್ನು ಬುಡಕ್ಕೆ ಕತ್ತರಿಸಬೇಕು. ಪಕ್ಕದಲ್ಲೆದ್ದ ಹೊಸ ಕೋಲು ಮುಂದಿನ ವರ್ಷದ್ದು. ಗುರುತಿಗೆಂದು ಅಕ್ಕ ಹಳೆಯದಕ್ಕೆ ಕೆಂಪು ಚಿಂದಿ, ಹೊಸದಕ್ಕೆ ಹಸಿರು ಚಿಂದಿ ಕಟ್ಟುತ್ತಿದ್ದರು. ಎರಡು ವರ್ಷದ ಹಿಂದೆ ಅವರು ಜ್ವರದಿಂದ ಮಲಗಿದಾಗ ಕತ್ತರಿ ನಾದಿನಿಯ ಕೈಗೆ ಹೋಯಿತು.

"ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ನಡಿ. ರಸ್ತೇಲಿ ಹಾಗೇ ತಾನೆ?" ಹಿತ್ತಲ ಬಾಗಿಲಲ್ಲೇ ನಿಂತು ನಾದಿನಿ ಕೇಳುತ್ತಾರೆ. ಹಸಿರು ಚಿಂದಿಯ ಹೊಸ ಕೋಲುಗಳೆಲ್ಲ ಅಂದು ನೆಲಕ್ಕೆ ಬಿದ್ದವು. "ಅತ್ತಿಗೆ ಒಂದು ಮಾತು ಬೈಲಿಲ್ಲ. ಬೈದಿದ್ರೆ ಮರೆತು ಹೋಗ್ತಿತ್ತು." ಅಂದಿನಿಂದ ಅವರು ಹಿತ್ತಲಿಗೆ ಇಳಿದಿಲ್ಲ. ಅಕ್ಕ ಕರೆದು ಕರೆದು ಸೋತಿದ್ದಾರೆ.

ಹೋದ ವರ್ಷ ಒಂದು ಹಣ್ಣೂ ಇಲ್ಲ. ಬೇಕರಿಯವರು ಬೇರೆ ಕಡೆ ಕೊಂಡರು. ಅಕ್ಕ ಬೋಳು ಸಾಲಿಗೆ ನೀರು ಹಾಕುತ್ತಲೇ ಇದ್ದರು. ಯಾಕೆಂದು ಕೇಳುತ್ತೇನೆ.

"ಬೇರು ಇತ್ತಲ್ಲಮ್ಮ."

ಈ ವರ್ಷ ಸಾಲು ತುಂಬಿದೆ. ಉಳಿಸಬೇಕಾದ ಕೋಲುಗಳಿಗೆ ಈಗ ಹೂವಿನ ಚಿತ್ರದ ಚಿಂದಿ.

"ಇವಳದೇ ಹಳೇ ನೈಟಿ. ತನ್ನ ನೈಟಿಗೆ ತಾನೇ ಕತ್ತರಿ ಹಾಕ್ತಾಳಾ?" ಎನ್ನುತ್ತಾರೆ ಅಕ್ಕ.

"ಹಳೇದಾ? ಅದನ್ನ ಮನೆಯೆಲ್ಲ ಹುಡುಕಿದೀನಿ!" ಎಂದು ನಾದಿನಿ ದಡದಡ ಮೆಟ್ಟಿಲಿಳಿದು ಬರುತ್ತಾರೆ. ಚಿಂದಿಗೆ ಕೈ ಹಾಕಿದ ಮೇಲೆ ತಾವು ಹಿತ್ತಲಿಗೆ ಇಳಿದಿರುವುದು ಗೊತ್ತಾಗಿ ಬಾಗಿಲ ಕಡೆ ತಿರುಗಿ ನೋಡುತ್ತಾರೆ.

ಅಕ್ಕ ಸರಿದು ಜಾಗ ಮಾಡುತ್ತಾರೆ. "ಬಂದಿದೀಯಲ್ಲ, ಕೂತ್ಕೋ. ಆ ತುದಿಯಿಂದ ಬಿಡಿಸು."

ಇನ್ನೇನು ಆಸೆ ಎಂದು ನಾನು ಕೇಳಿದರೆ ಅಕ್ಕ ಬುಟ್ಟಿಯಿಂದ ತಲೆಯೆತ್ತದೆ ಹೇಳುತ್ತಾರೆ: "ಈ ಸಲಾನೂ ಕತ್ತರಿ ಇವಳೇ ಹಿಡೀಲಿ."